ಮುಂದೆ ಮಾಡುವ ತಪ್ಪಿಗೆ ಈಗಲೇ ಕ್ಷಮೆ: ‘ಡೇರ್‌ಡೆವಿಲ್’ ನೋಡಿದವರು ದೇವರ ಬಗ್ಗೆ ಯಾಕೆ ಮಾತಾಡುತ್ತಾರೆ?

ನಮ್ಮ ಮನೆಯ ಹುಡುಗನೊಬ್ಬ ಇಂಜಿನಿಯರಿಂಗ್ ಓದುತ್ತಿದ್ದಾನೆ. ಒಂದು ರಾತ್ರಿ ತಟ್ಟೆಯ ಪಕ್ಕ ಮೊಬೈಲ್ ಒರಗಿಸಿಟ್ಟುಕೊಂಡು ಏನೋ ನೋಡುತ್ತಾ ಊಟ ಮಾಡುತ್ತಿದ್ದ. ತುತ್ತು ಕೈಯಲ್ಲೇ ಇತ್ತು, ತಲೆಯೆತ್ತಿ ಕೇಳಿದ: “ಚಿಕ್ಕಪ್ಪ, ಚರ್ಚಲ್ಲಿ ಆ ಮರದ ಪೆಟ್ಟಿಗೆ ಇರುತ್ತಲ್ಲ, ಅದರಲ್ಲಿ ಕೂತು ಮುಂದೆ ಮಾಡೋ ತಪ್ಪಿಗೆ ಈಗಲೇ ಕ್ಷಮೆ ಕೇಳಬಹುದಾ?”

ಸೂಪರ್‌ಹೀರೋ ಧಾರಾವಾಹಿ ನೋಡುತ್ತಾ ಇಂಥ ಪ್ರಶ್ನೆ ಬರುತ್ತೆ ಅಂತ ನಾನು ಎಣಿಸಿರಲಿಲ್ಲ.

ಅವನು ನೋಡುತ್ತಿದ್ದದ್ದು ‘ಡೇರ್‌ಡೆವಿಲ್’. ಮಾರ್ವೆಲ್ ಕಂಪನಿಯ ಈ ಧಾರಾವಾಹಿ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾದದ್ದು 2015ರ ಏಪ್ರಿಲ್ 10ರಂದು. ಮೂರು ಸೀಸನ್, ಒಂದೊಂದರಲ್ಲಿ 13 ಕಂತು, ಒಟ್ಟು 39. ಮೂರನೆಯದು ಬಂದದ್ದು 2018ರ ಅಕ್ಟೋಬರ್‌ನಲ್ಲಿ. ಮುಂದಿನ ತಿಂಗಳೇ ಧಾರಾವಾಹಿಯನ್ನು ನಿಲ್ಲಿಸಿದರು. ಅಭಿಮಾನಿಗಳು ಬಿಡಲಿಲ್ಲ, ವಾಪಸ್ ತನ್ನಿ ಅಂತ ವರ್ಷಗಟ್ಟಲೆ ಗಲಾಟೆ ಮಾಡಿದರು. 2025ರ ಮಾರ್ಚ್ 4ರಂದು ಅದೇ ನಾಯಕ, ಅದೇ ಖಳನಾಯಕ ‘ಡೇರ್‌ಡೆವಿಲ್: ಬಾರ್ನ್ ಅಗೇನ್’ ಎಂಬ ಹೊಸ ಹೆಸರಿನಲ್ಲಿ ತೆರೆಗೆ ಮರಳಿದರು. ನಮ್ಮಲ್ಲಿ ಅದು ಜಿಯೋಹಾಟ್‌ಸ್ಟಾರ್‌ನಲ್ಲಿ ಬಂತು. ಹಾಗಾಗಿ ಹಳೆಯ ಸೀಸನ್‌ಗಳನ್ನೂ ಮೊದಲಿಂದ ನೋಡುವ ಹುಡುಗರು ಈಗ ಮನೆಮನೆಯಲ್ಲಿದ್ದಾರೆ.

ಇದನ್ನು ನೋಡಿದವರು ಹೊಡೆದಾಟದ ಬಗ್ಗೆ ಮಾತಾಡುತ್ತಾರೆ, ಅದು ಸಹಜ. ಆದರೆ ಅದರ ಜೊತೆಗೇ ಪಾಪ, ಕ್ಷಮೆ, ದೇವರ ಮೌನ, ‘ನಾನು ಯಾಕೆ ಹುಟ್ಟಿದೆ’ ಅನ್ನುವ ಮಾತುಗಳೂ ಬರುತ್ತವೆ. ದೇವರನ್ನು ನಂಬದವರ ಬಾಯಲ್ಲೂ ಬರುತ್ತವೆ. ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಕ್ಯಾಥೊಲಿಕ್ ಕ್ರೈಸ್ತರ ಒಂದೆರಡು ಪದ್ಧತಿಗಳ ಪರಿಚಯ ಬೇಕು. ನಮ್ಮಲ್ಲಿ ಜಾಸ್ತಿ ಜನರಿಗೆ ಇಲ್ಲದಿರುವುದು ಅದೇ.

ಮೊದಲು ಕಥೆ, ಚುಟುಕಾಗಿ

ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ಹೆಲ್ಸ್ ಕಿಚನ್ ಅನ್ನುವ ಪೇಟೆ ನಿಜವಾಗಲೂ ಇದೆ. ‘ನರಕದ ಅಡುಗೆಮನೆ’ ಅಂತ ಅರ್ಥ. ಐರ್ಲೆಂಡಿನಿಂದ ವಲಸೆ ಬಂದ ಬಡ ಕ್ಯಾಥೊಲಿಕರು ಒಂದು ಕಾಲಕ್ಕೆ ಅಲ್ಲಿ ತುಂಬಿದ್ದರು. ಕಥೆಯ ನಾಯಕ ಮ್ಯಾಟ್ ಮರ್ಡಾಕ್ ಅಲ್ಲಿಯ ಒಬ್ಬ ಬಾಕ್ಸರ್‌ನ ಮಗ. ಚಿಕ್ಕವನಿದ್ದಾಗ ಲಾರಿಗೆ ಸಿಗುತ್ತಿದ್ದ ಮುದುಕನೊಬ್ಬನನ್ನು ತಳ್ಳಿ ಉಳಿಸುತ್ತಾನೆ. ಲಾರಿಯಲ್ಲಿದ್ದ ರಾಸಾಯನಿಕ ಅವನ ಕಣ್ಣಿಗೆ ಬಿದ್ದು ದೃಷ್ಟಿ ಹೋಗುತ್ತದೆ. ಉಳಿದ ಇಂದ್ರಿಯಗಳು ಮಾತ್ರ ಅತಿಯಾಗಿ ಚುರುಕಾಗುತ್ತವೆ. ಎದುರಿಗಿದ್ದವರ ಎದೆಬಡಿತ ಕೇಳಿಯೇ ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ಗುರುತಿಸುತ್ತಾನೆ. ಮುಂದೆ, ಸೋಲಲು ದುಡ್ಡು ಪಡೆದಿದ್ದ ಪಂದ್ಯದಲ್ಲಿ ಸೋಲದೆ ಗೆದ್ದ ತಪ್ಪಿಗೆ ಅಪ್ಪನ ಕೊಲೆಯಾಗುತ್ತದೆ. ಹುಡುಗ ಚರ್ಚಿನ ಅನಾಥಾಶ್ರಮದಲ್ಲಿ ಬೆಳೆದು ವಕೀಲನಾಗುತ್ತಾನೆ. ಹಗಲು ಕೋರ್ಟು, ರಾತ್ರಿ ಮುಖವಾಡ.

ಈ ಪಾತ್ರ ಕಾಮಿಕ್ಸ್‌ನಲ್ಲಿ ಹುಟ್ಟಿದ್ದು 1964ರಲ್ಲಿ. ಕ್ಯಾಥೊಲಿಕ್ ಬಣ್ಣ ಗಾಢವಾಗಿ ಹತ್ತಿದ್ದು 1980ರ ದಶಕದಲ್ಲಿ. ಧಾರಾವಾಹಿ ಮಾಡಿದವರು ಆ ಬಣ್ಣವನ್ನೇ ಹಿಡಿದುಕೊಂಡರು.

ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ?

ಮೊದಲ ಕಂತಿನಲ್ಲಿ ಬಾಲ್ಯದ ಆ ಅಪಘಾತ ಮುಗಿದ ಕೂಡಲೇ ದೊಡ್ಡವನಾದ ಮ್ಯಾಟ್ ಚರ್ಚಿನ ಮರದ ಪೆಟ್ಟಿಗೆಯಲ್ಲಿ ಕೂತಿರುತ್ತಾನೆ. ಜಾಲರಿಯ ಆಚೆ ಪಾದ್ರಿ. ಮ್ಯಾಟ್ ತನ್ನ ಅಪ್ಪನ ಬಗ್ಗೆ ಹೇಳುತ್ತಾ ಹೋಗುತ್ತಾನೆ. ಮರ್ಡಾಕ್ ಮನೆತನದ ಗಂಡುಮಕ್ಕಳ ಒಳಗೆ ಸೈತಾನ ಇದ್ದಾನೆ ಅಂತ ಅಜ್ಜಿ ಹೇಳುತ್ತಿದ್ದಳಂತೆ. ಕೊನೆಗೆ ವಿಷಯಕ್ಕೆ ಬರುತ್ತಾನೆ. ತಾನು ಬಂದಿರುವುದು ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಕೇಳಲು ಅಲ್ಲ, ಮಾಡಲಿರುವುದಕ್ಕೆ ಕ್ಷಮೆ ಕೇಳಲು ಅನ್ನುತ್ತಾನೆ. ಇದು ಹಾಗೆಲ್ಲ ನಡೆಯೋದಿಲ್ಲಪ್ಪ ಅನ್ನುತ್ತಾರೆ ಪಾದ್ರಿ. ನಮ್ಮ ಹುಡುಗನ ಪ್ರಶ್ನೆ ಹುಟ್ಟಿದ್ದು ಇಲ್ಲೇ.

ಹಾಗೆ ಯಾಕೆ ನಡೆಯೋದಿಲ್ಲ? ಈ ಪದ್ಧತಿಗೆ ಕನ್ನಡದ ಕ್ಯಾಥೊಲಿಕರು ‘ಪಾಪನಿವೇದನೆ’ ಅನ್ನುತ್ತಾರೆ. ಮಂಗಳೂರು ಕಡೆಯ ಕೊಂಕಣಿಯಲ್ಲಿ ‘ಕುಮ್ಸಾರ್’. ವರ್ಷಕ್ಕೆ ಒಂದು ಸಲವಾದರೂ ಮಾಡಲೇಬೇಕು ಅನ್ನುವ ನಿಯಮ 1215ರಿಂದ ಇದೆ. ಮಾಡುವವನಿಂದ ಮುಖ್ಯವಾಗಿ ಮೂರು ಕೆಲಸ ಆಗಬೇಕು. ತಪ್ಪಿಗಾಗಿ ನಿಜವಾಗಿ ನೋಯಬೇಕು, ಅದನ್ನು ಬಾಯಿಬಿಟ್ಟು ಹೇಳಬೇಕು, ಪಾದ್ರಿ ಹೇಳಿದ ಪ್ರಾಯಶ್ಚಿತ್ತವನ್ನು ಮಾಡಬೇಕು. ನೋವು ಅಂದರೆ ಸುಮ್ನೆ ಅಳುವುದಲ್ಲ. ಇನ್ನು ಮುಂದೆ ಮಾಡಲ್ಲ ಅನ್ನುವ ಗಟ್ಟಿ ನಿರ್ಧಾರವೂ ಅದರೊಳಗೆ ಸೇರಿದೆ.

ಮ್ಯಾಟ್‌ನ ಲೆಕ್ಕ ತಪ್ಪುವುದು ಇಲ್ಲೇ. ನಾವು ದೇವರ ಹುಂಡಿಗೆ ತಪ್ಪು ಕಾಣಿಕೆ ಹಾಕುತ್ತೇವಲ್ಲ, ಅದು ಆಗಿಹೋದ ತಪ್ಪಿಗೆ. “ನಾಳೆ ಕುಡಿದು ಬೀದಿಯಲ್ಲಿ ಜಗಳ ಮಾಡೋನಿದ್ದೀನಿ, ಇವತ್ತೇ ಐವತ್ತು ರೂಪಾಯಿ ಹಾಕಿರ್ತೀನಿ” ಅಂದರೆ ಅದು ಕಾಣಿಕೆಯಲ್ಲ, ಅಡ್ವಾನ್ಸ್. ಮಾಡಬೇಕು ಅಂತ ತೀರ್ಮಾನ ಮಾಡಿಯೇ ಬಂದವನಿಗೆ ‘ಇನ್ನು ಮಾಡಲ್ಲ’ ಅನ್ನುವ ನಿರ್ಧಾರ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ ಗುಟ್ಟು. ಪೆಟ್ಟಿಗೆಯಲ್ಲಿ ಕೇಳಿದ್ದನ್ನು ಪಾದ್ರಿ ಯಾರಿಗೂ ಹೇಳುವಂತಿಲ್ಲ. ಪೊಲೀಸರಿಗೂ ಇಲ್ಲ, ಕೋರ್ಟಿಗೂ ಇಲ್ಲ. ಹೇಳಿದರೆ ಆ ಕ್ಷಣವೇ ಧರ್ಮಸಭೆಯಿಂದ ಬಹಿಷ್ಕಾರ ಆದ ಹಾಗೆ. ಮುಖವಾಡ ಹಾಕಿಕೊಂಡು ಓಡಾಡುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಊರಿಗೆಲ್ಲ ಸುಳ್ಳು ಹೇಳುವವನು ನಿಜ ಹೇಳುವುದು ಇಲ್ಲಿ ಮಾತ್ರ. ಧಾರಾವಾಹಿಯ ಅರ್ಧ ಶಕ್ತಿ ಈ ಏರ್ಪಾಡಿನಲ್ಲಿದೆ ಅಂತ ನನಗನ್ನಿಸುತ್ತದೆ. ಬೇರೆ ಸೂಪರ್‌ಹೀರೋಗಳಿಗೆ ಗುಟ್ಟಿನ ಗುಹೆ ಇರುತ್ತದೆ, ಯಂತ್ರಗಳಿರುತ್ತವೆ. ಇವನಿಗಿರುವುದು ಒಬ್ಬ ವಯಸ್ಸಾದ ಪಾದ್ರಿ.

ಪಾದ್ರಿ ತಿರುಗಿ ಕೇಳಿದ ಪ್ರಶ್ನೆ

ಆ ಪಾದ್ರಿಯ ಹೆಸರು ಫಾದರ್ ಲ್ಯಾಂಟಮ್. ಪೀಟರ್ ಮಕ್‌ರಾಬಿ ಎಂಬ ನಟ ಈ ಪಾತ್ರ ಮಾಡಿದ್ದಾರೆ. ಮಾತು ಕಡಿಮೆ, ಕಾಫಿ ಮೇಲೆ ಪ್ರೀತಿ ಜಾಸ್ತಿ. ಮೊದಲ ಸೀಸನ್ನಿನ ಒಂಬತ್ತನೇ ಕಂತಿನಲ್ಲಿ ಇಬ್ಬರೂ ಕೂತು ಕಾಫಿ ಕುಡಿಯುತ್ತಾರೆ. ಸೈತಾನ ನಿಜವಾಗಿಯೂ ಇದ್ದಾನಾ ಅಂತ ಮ್ಯಾಟ್ ಕೇಳುತ್ತಾನೆ. ಪಾದ್ರಿ ತಾವು ರುವಾಂಡಾ ದೇಶದಲ್ಲಿ ಕಂಡದ್ದನ್ನು ಹೇಳುತ್ತಾರೆ. ಅಲ್ಲಿ ಎಲ್ಲರೂ ಗೌರವಿಸುವ ಒಬ್ಬ ಹಳ್ಳಿ ಹಿರಿಯ ಇದ್ದ. ಕೊಲ್ಲಲು ಬಂದ ಸೈನಿಕರಿಗೇ ಅವನ ಮೇಲೆ ಕೈ ಎತ್ತಲು ಮನಸ್ಸಾಗಲಿಲ್ಲ. ಕೊನೆಗೆ ಅವರ ನಾಯಕನೇ ಬಂದ. ಗುಡಿಸಲೊಳಗೆ ಕೂತು ಗಂಟೆಗಟ್ಟಲೆ ಅವನ ಜೊತೆ ಮಾತಾಡಿದ. ಆಮೇಲೆ ಹೊರಗೆಳೆದು, ಮನೆಯವರ ಸಮೇತ ಕಡಿದು ಹಾಕಿದ. ಆ ನಾಯಕನ ಮುಖದಲ್ಲಿ ತಾನು ಸೈತಾನನನ್ನು ಕಂಡೆ ಅನ್ನುತ್ತಾರೆ ಪಾದ್ರಿ.

ಮ್ಯಾಟ್‌ಗೂ ಒಬ್ಬ ಅಂಥ ಮನುಷ್ಯ ಗೊತ್ತು. ಅವನು ವಿಲ್ಸನ್ ಫಿಸ್ಕ್, ಇಡೀ ಪೇಟೆಯನ್ನು ನುಂಗುತ್ತಿರುವ ಅಪರಾಧಿ ದೊರೆ. ಕಾನೂನು ಅವನ ಹತ್ತಿರವೂ ಹೋಗುತ್ತಿಲ್ಲ. ಹಾಗಾದರೆ ಕೊಂದುಬಿಡಬಹುದಲ್ವಾ? ಇದಕ್ಕೆ ಪಾದ್ರಿ ಉಪದೇಶ ಮಾಡುವುದಿಲ್ಲ. ತಿರುಗಿ ಒಂದು ಪ್ರಶ್ನೆ ಹಾಕುತ್ತಾರೆ. ಅದನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ನಿನ್ನ ಸಂಕಟ ಯಾವುದು? ಕೊಲ್ಲೋದು ಬೇಡ, ಆದರೂ ಕೊಲ್ಲಲೇಬೇಕಾಗಿದೆ ಅಂತಲಾ? ಅಥವಾ ಕೊಲ್ಲಬೇಕಾಗಿಲ್ಲ, ಆದರೂ ಕೊಲ್ಲೋದು ಬೇಕು ಅಂತಲಾ?

ಈ ಎರಡರ ನಡುವಿನ ಫರಕು ಸಣ್ಣದಲ್ಲ. ಮೊದಲನೆಯದು ಕರ್ತವ್ಯದ ಸಂಕಟ. ಕುರುಕ್ಷೇತ್ರದಲ್ಲಿ ಬಿಲ್ಲು ಕೆಳಗಿಟ್ಟ ಅರ್ಜುನನ ಸಂಕಟ ಈ ಜಾತಿಯದು. ಅವನಿಗೆ ಬೇಡ, ಆದರೆ ಮಾಡಬೇಕು. ಎರಡನೆಯದು ಆಸೆ, ಕರ್ತವ್ಯದ ಅಂಗಿ ತೊಟ್ಟುಕೊಂಡು ಬಂದ ಆಸೆ. ಮ್ಯಾಟ್‌ಗೆ ಹೊಡೆಯುವುದರಲ್ಲಿ ಒಂದು ಖುಷಿ ಇದೆ, ಅದು ಅವನಿಗೂ ಗೊತ್ತು. ಅಜ್ಜಿ ಹೇಳುತ್ತಿದ್ದ ಸೈತಾನ ಅದೇ.

ನೋಡುವವರಿಗೆ ಈ ಪ್ರಶ್ನೆ ಯಾಕೆ ತಟ್ಟುತ್ತದೆ ಅಂದರೆ, ಅದು ಕೊಲೆಗಷ್ಟೇ ಸೇರಿದ್ದಲ್ಲ. ಮಗನಿಗೆ ಎರಡು ಬಿಗಿಯುವ ಅಪ್ಪ, ಕೈಕೆಳಗಿನವರ ಮೇಲೆ ಎಲ್ಲರೆದುರು ರೇಗುವ ಮೇಲಧಿಕಾರಿ, ಆಸ್ತಿ ವಿಷಯಕ್ಕೆ ಅಣ್ಣನ ಮೇಲೆ ಕೇಸು ಹಾಕುವ ತಮ್ಮ. ಎಲ್ಲರೂ ‘ಮಾಡಲೇಬೇಕಿತ್ತು’ ಅನ್ನುತ್ತೇವೆ. ಒಳಗೆ ‘ಮಾಡಬೇಕು ಅನ್ನಿಸಿತು’ ಅನ್ನುವುದು ಎಷ್ಟು ಪಾಲು ಅಂತ ಯಾರೂ ಅಳೆದು ನೋಡುವುದಿಲ್ಲ.

ಕೊರಗಿಗೂ ಒಂದು ಕೆಲಸ ಇದೆ

ಎರಡನೇ ಸೀಸನ್ನಿನ ನಾಲ್ಕನೇ ಕಂತಿನಲ್ಲಿ ಒಂದು ಶವಸಂಸ್ಕಾರ ಬರುತ್ತದೆ. ಸತ್ತವನು ಗ್ರಾಟೊ ಎಂಬ ಪುಡಿ ರೌಡಿ. ಮ್ಯಾಟ್ ಅವನನ್ನು ಉಳಿಸಲು ಹೋಗಿ ಸೋತಿದ್ದಾನೆ. ಚರ್ಚಿನ ಬೆಂಚುಗಳೆಲ್ಲ ಖಾಲಿ. ಬಂದಿರುವವರು ಮ್ಯಾಟ್ ಮತ್ತು ಅವನ ಇಬ್ಬರು ಗೆಳೆಯರು. ಯಾರಿಗೂ ಬೇಡವಾದವನಿಗೂ ಪಾದ್ರಿ ಪೂರ್ತಿ ಪ್ರಾರ್ಥನೆ ಮಾಡಿ ಕಳಿಸುತ್ತಾರೆ.

ಆಮೇಲೆ ಮ್ಯಾಟ್ ತನ್ನ ಕೊರಗನ್ನು ಹೇಳಿಕೊಳ್ಳುತ್ತಾನೆ. ಕೊರಗು ಅಂದರೆ ಇಲ್ಲಿ ಅಪರಾಧಿ ಭಾವ, ‘ನನ್ನಿಂದಲೇ ಆಯಿತು’ ಅನ್ನುವ ಚುಚ್ಚು. ಪಾದ್ರಿಯ ಉತ್ತರ ನಾವು ಎಣಿಸಿದ್ದಕ್ಕಿಂತ ಬೇರೆ. ಕೊರಗು ಕೆಟ್ಟದ್ದಲ್ಲ, ಏನೋ ಸರಿಯಿಲ್ಲ ಅಂತ ಆತ್ಮ ಕೂಗಿ ಹೇಳುವ ರೀತಿ ಅದು, ನಿನ್ನ ಕೆಲಸ ಇನ್ನೂ ಮುಗಿದಿಲ್ಲ ಅಂತ ಅದರ ಅರ್ಥ ಅನ್ನುತ್ತಾರೆ.

ಜ್ವರದ ಹಾಗೆ ಅಂದುಕೊಳ್ಳಿ. ಜ್ವರವೇ ಕಾಯಿಲೆಯಲ್ಲ, ಒಳಗೆ ಏನೋ ಆಗಿದೆ ಅನ್ನುವ ಸೂಚನೆ. ಮಾತ್ರೆ ನುಂಗಿ ಜ್ವರವನ್ನಷ್ಟೇ ಇಳಿಸಿದರೆ ಸಾಲದು, ಕಾರಣ ಹುಡುಕಬೇಕು. ಹಾಗಂತ ಜ್ವರವನ್ನೇ ಅಪ್ಪಿಕೊಂಡು ಮಲಗುವುದೂ ತಪ್ಪು. ಮ್ಯಾಟ್ ಈ ಎರಡನೇ ತಪ್ಪನ್ನು ಮೂರು ಸೀಸನ್ನಿನ ಉದ್ದಕ್ಕೂ ಮಾಡುತ್ತಾನೆ.

‘ಬದುಕಿನ ಉದ್ದೇಶ’ ಅನ್ನುವ ಮಾತು ಇಲ್ಲಿಗೆ ಬಂದು ಸೇರುತ್ತದೆ. ಕ್ರೈಸ್ತರಲ್ಲಿ ಇದಕ್ಕೆ ‘ದೇವರ ಕರೆ’ ಅನ್ನುತ್ತಾರೆ. ಪಾದ್ರಿಯಾಗುವುದು ಒಂದು ಕರೆ, ಸನ್ಯಾಸಿನಿಯಾಗುವುದು ಒಂದು ಕರೆ, ಸಂಸಾರ ಮಾಡಿಕೊಂಡು ನೆಟ್ಟಗೆ ಬದುಕುವುದೂ ಒಂದು ಕರೆಯೇ. ನಾವು ‘ಕಾಯಕ’ ಅನ್ನುವುದು ಇದಕ್ಕೆ ಹತ್ತಿರ ಇದೆ, ಆದರೆ ಅದೇ ಅಲ್ಲ. ಕಾಯಕದಲ್ಲಿ ಕೈಯಲ್ಲಿರುವ ಕೆಲಸವೇ ಪೂಜೆ, ಯಾರೂ ಹೊರಗಿಂದ ಕೂಗಿ ಕರೆಯಬೇಕಾಗಿಲ್ಲ. ಕರೆಯಲ್ಲಿ ಕರೆಯುವವನೊಬ್ಬ ಇದ್ದಾನೆ. ಹಾಗಾಗಿಯೇ ಅನುಮಾನಕ್ಕೂ ಜಾಗ ಇದೆ: ನನ್ನನ್ನು ಕರೆದದ್ದು ದೇವರಾ, ಇಲ್ಲಾ ನನ್ನ ಸಿಟ್ಟಾ?

ಒಂದೇ ಮಾತು, ಇಬ್ಬರ ಬಾಯಲ್ಲಿ

ಈ ಅನುಮಾನ ಯಾಕೆ ಬೇಕು ಅನ್ನುವುದಕ್ಕೆ ಖಳನಾಯಕ ಫಿಸ್ಕ್‌ನನ್ನು ನೋಡಬೇಕು. ವಿನ್ಸೆಂಟ್ ಡಿ’ಒನೊಫ್ರಿಯೊ ಈ ಪಾತ್ರ ಮಾಡಿದ್ದಾರೆ. ಫಿಸ್ಕ್ ಕೂಡ ಹೆಲ್ಸ್ ಕಿಚನ್ನಿನವನೇ. ಅವನಿಗೂ ಅಪ್ಪನ ಗಾಯ ಇದೆ. ಅಮ್ಮನನ್ನು ಹೊಡೆಯುತ್ತಿದ್ದ ಅಪ್ಪನನ್ನು ಹುಡುಗನಾಗಿದ್ದಾಗಲೇ ಸುತ್ತಿಗೆಯಿಂದ ಹೊಡೆದು ಕೊಂದವನು ಅವನು. ‘ನನ್ನ ಊರನ್ನು ಸರಿಮಾಡಬೇಕು’ ಅಂತ ಮ್ಯಾಟ್ ಹೇಳುತ್ತಾನೆ. ಫಿಸ್ಕ್ ಹೇಳುವುದೂ ಅದನ್ನೇ. ಇಬ್ಬರದೂ ಸುಳ್ಳಲ್ಲ. ‘ಬದುಕಿಗೊಂದು ಗುರಿ ಬೇಕು’ ಅಂತ ಸಲೀಸಾಗಿ ಹೇಳುವವರನ್ನು ಈ ಧಾರಾವಾಹಿ ಸ್ವಲ್ಪ ತಡೆದು ನಿಲ್ಲಿಸುತ್ತದೆ. ಗುರಿ ಫಿಸ್ಕ್‌ಗೂ ಇತ್ತಲ್ಲ.

ಮೊದಲ ಸೀಸನ್ನಿನ ಕೊನೆಯ ಕಂತು. ಬೇಡಿ ಹಾಕಿದ ಫಿಸ್ಕ್‌ನನ್ನು ಪೊಲೀಸ್ ವಾಹನದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಾರೆ. ಅವನು ಕಾವಲಿನವರಿಗೆ ಬೈಬಲ್ಲಿನ ಒಂದು ಕಥೆ ಹೇಳಲು ಶುರುಮಾಡುತ್ತಾನೆ. ಯೆರೂಸಲೇಮಿನಿಂದ ಯೆರಿಕೋ ಊರಿಗೆ ಹೋಗುತ್ತಿದ್ದ ದಾರಿಹೋಕನನ್ನು ಕಳ್ಳರು ದೋಚಿ, ಹೊಡೆದು, ಅರೆಜೀವ ಮಾಡಿ ಬಿಟ್ಟು ಹೋಗುತ್ತಾರೆ. ಆ ದಾರಿಯಲ್ಲಿ ಬಂದ ಯಾಜಕ ಓರೆಯಾಗಿ ದಾಟಿ ಹೋಗುತ್ತಾನೆ. ದೇವಾಲಯದ ಸೇವೆಯ ಕುಲದ ಲೇವಿಯನೂ ಹಾಗೇ ಹೋಗುತ್ತಾನೆ. ಮೂರನೆಯವನು ಸಮಾರ್ಯದವನು, ಯೆಹೂದ್ಯರಿಗೆ ಕಂಡರಾಗದ ಜನಾಂಗದವನು. ಅವನು ನಿಂತು, ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹಾಕಿ ಕಟ್ಟಿ, ಛತ್ರಕ್ಕೆ ಕರೆದೊಯ್ದು ದುಡ್ಡು ಕೊಟ್ಟು ಹೋಗುತ್ತಾನೆ.

ಇಷ್ಟು ದಿನ ನಾನೇ ಆ ಸಮಾರ್ಯದವನು ಅಂದುಕೊಂಡಿದ್ದೆ ಅನ್ನುತ್ತಾನೆ ಫಿಸ್ಕ್. ಆಮೇಲೆ ತಿದ್ದಿಕೊಳ್ಳುತ್ತಾನೆ. ತಾನು ಅವನಲ್ಲ, ಯಾಜಕನೂ ಅಲ್ಲ, ಲೇವಿಯನೂ ಅಲ್ಲ. ದಾರಿಯಲ್ಲಿ ಆ ಪ್ರಯಾಣಿಕನ ಮೇಲೆ ಬಿದ್ದ ಕೇಡು ತಾನು. ಇದನ್ನು ಹೇಳುವಾಗ ಅವನ ಮುಖದಲ್ಲಿ ಪಶ್ಚಾತ್ತಾಪ ಇಲ್ಲ, ಒಂಥರಾ ನಿರಾಳ ಇದೆ. ಹೊರಗೆ ಅವನ ಕಡೆಯವರ ಗುಂಡು ಹಾರಲು ಶುರುವಾಗುತ್ತದೆ.

ನನಗೆ ಇಡೀ ಧಾರಾವಾಹಿಯಲ್ಲಿ ಮೈ ಜುಮ್ಮೆನ್ನಿಸಿದ ಜಾಗ ಇದು. ‘ನಿನ್ನನ್ನು ನೀನು ಅರಿತುಕೋ’ ಅಂತ ಎಲ್ಲರೂ ಹೇಳುತ್ತಾರೆ. ಫಿಸ್ಕ್ ಅರಿತುಕೊಂಡ, ಅರಿತುಕೊಂಡದ್ದನ್ನು ಒಪ್ಪಿ ಸುಮ್ಮನಾದ.

ಯೋಬನ ಜಗಳ

ಮೂರನೇ ಸೀಸನ್ ಶುರುವಾಗುವಾಗ ಮ್ಯಾಟ್ ನುಜ್ಜುಗುಜ್ಜಾಗಿದ್ದಾನೆ. ಕಟ್ಟಡವೊಂದು ಮೈಮೇಲೆ ಕುಸಿದು, ಬದುಕಿದ್ದೇ ಹೆಚ್ಚು. ಬೆಳೆದ ಚರ್ಚಿಗೇ ಅವನನ್ನು ತಂದು ಹಾಕಿದ್ದಾರೆ. ಚುರುಕು ಕಿವಿ ಕೆಟ್ಟಿದೆ. ಸಿಸ್ಟರ್ ಮ್ಯಾಗಿ ಎಂಬ ಸನ್ಯಾಸಿನಿ ಆರೈಕೆ ಮಾಡುತ್ತಾಳೆ. ಆಕೆಗೆ ಅವನು ಸಿಟ್ಟಿನಲ್ಲಿ ಯೋಬನ ಕಥೆ ಹೇಳುತ್ತಾನೆ.

ಬೈಬಲ್ಲಿನ ಯೋಬ ನಮಗೆ ಅಪರಿಚಿತನಲ್ಲ, ಅವನ ನೆಂಟ ನಮ್ಮಲ್ಲಿದ್ದಾನೆ. ಹರಿಶ್ಚಂದ್ರನನ್ನು ನೆನಪು ಮಾಡಿಕೊಳ್ಳಿ. ಮೇಲೆ ವಸಿಷ್ಠ ವಿಶ್ವಾಮಿತ್ರರ ನಡುವೆ ಪಂಥ, ಕೆಳಗೆ ರಾಜನಿಗೆ ಕಷ್ಟ. ಯೋಬನ ಕಥೆಯಲ್ಲೂ ಮೇಲೆ ದೇವರಿಗೂ ಸೈತಾನನಿಗೂ ಮಾತು ಬೆಳೆಯುತ್ತದೆ. ಎಲ್ಲ ಚೆನ್ನಾಗಿರೋದರಿಂದ ಇವನಿಗೆ ಭಕ್ತಿ, ಕಿತ್ತುಕೊಂಡು ನೋಡು ಅನ್ನುತ್ತಾನೆ ಸೈತಾನ. ಯೋಬನಿಗೆ 7 ಗಂಡುಮಕ್ಕಳು, 3 ಹೆಣ್ಣುಮಕ್ಕಳು, 7,000 ಕುರಿ, 3,000 ಒಂಟೆ. ಎಲ್ಲ ಹೋಗುತ್ತದೆ. ಮೈತುಂಬ ಹುಣ್ಣು ಏಳುತ್ತದೆ. ಮಡಕೆ ಚೂರಿನಿಂದ ಮೈ ಕೆರೆದುಕೊಳ್ಳುತ್ತಾ ಬೂದಿಯಲ್ಲಿ ಕೂರುತ್ತಾನೆ.

ಇಷ್ಟೆಲ್ಲ ಆದರೂ ಯೋಬ ದೇವರನ್ನು ಶಪಿಸಲಿಲ್ಲ, ಹೊಗಳಿದ ಅನ್ನುತ್ತಾನೆ ಮ್ಯಾಟ್. ತಾನೂ ಹಾಗೇ ಇದ್ದೆ, ದೇವರ ಸೈನಿಕ ಅಂದುಕೊಂಡು ಬೆವರು, ರಕ್ತ, ಚರ್ಮ ಕೊಟ್ಟೆ. ಇನ್ನು ಸಾಕು. ಅವಾಚ್ಯ ಪದವೊಂದನ್ನು ಸೇರಿಸಿ ಯೋಬನನ್ನು ಹೇಡಿ ಅಂತ ಜರೆಯುತ್ತಾನೆ.

ಇಲ್ಲಿ ಒಂದು ತಿದ್ದುಪಡಿ ಬೇಕು. ಮ್ಯಾಟ್ ಹೇಳಿದ್ದು ಅರ್ಧ ಕಥೆ. ಬೈಬಲ್ಲಿನ ಯೋಬ ಸುಮ್ಮನೆ ಸಹಿಸಿದವನಲ್ಲ. ಆ ಗ್ರಂಥದಲ್ಲಿ 42 ಅಧ್ಯಾಯಗಳಿವೆ. ಮೊದಲೆರಡರಲ್ಲಿ ಅವನು ತಾಳ್ಮೆಯ ಮೂರ್ತಿ. ಮೂರನೆಯದರಲ್ಲೇ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಸಮಾಧಾನ ಹೇಳಲು ಬಂದ ಗೆಳೆಯರು ‘ನೀನೇ ಏನೋ ಪಾಪ ಮಾಡಿರಬೇಕು’ ಅನ್ನುತ್ತಾರೆ. ನಮ್ಮಲ್ಲಿ ಸಾವಿನ ಮನೆಗೆ ಬಂದು ಪೂರ್ವಜನ್ಮದ ಲೆಕ್ಕ ಹೇಳುವವರಿಲ್ವಾ, ಹಾಗೆ. ಯೋಬ ಒಪ್ಪುವುದಿಲ್ಲ. ಅಧ್ಯಾಯದ ಮೇಲೆ ಅಧ್ಯಾಯ ದೇವರನ್ನು ಕಟಕಟೆಗೆ ಕರೆಯುತ್ತಾನೆ. 38ನೇ ಅಧ್ಯಾಯದಲ್ಲಿ ಬಿರುಗಾಳಿಯೊಳಗಿಂದ ದೇವರು ಮಾತಾಡುತ್ತಾನೆ. ಆದರೆ ಕಾರಣ ಹೇಳುವುದಿಲ್ಲ. ನಾನು ಭೂಮಿಗೆ ಅಡಿಪಾಯ ಹಾಕುವಾಗ ನೀನೆಲ್ಲಿದ್ದೆ ಅಂತ ತಿರುಗಿ ಕೇಳುತ್ತಾನೆ. ಕೊನೆಗೆ ಆ ಗೆಳೆಯರಿಗೇ ಬೈಗುಳ ಬೀಳುತ್ತದೆ, ಜಗಳವಾಡಿದ ಯೋಬನಿಗಲ್ಲ.

ಅಂದರೆ ಮ್ಯಾಟ್ ಯೋಬನನ್ನು ಬೈಯುತ್ತಿರುವಾಗಲೇ ಯೋಬನ ಕೆಲಸ ಮಾಡುತ್ತಿದ್ದಾನೆ. ಹರಿದಾಸರ ನಿಂದಾಸ್ತುತಿ ಕೇಳಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ. ದೇವರ ಜೊತೆ ಜಗಳ ಆಡಬೇಕಾದರೆ ಅವನು ಅಲ್ಲಿ ಇದ್ದಾನೆ ಅನ್ನುವುದನ್ನು ಮೊದಲೇ ಒಪ್ಪಿಕೊಂಡಿರಬೇಕು, ಅಲ್ವಾ? ಮ್ಯಾಟ್ ಎಲ್ಲೂ ‘ದೇವರಿಲ್ಲ’ ಅನ್ನುವುದಿಲ್ಲ. ‘ನೀನು ಯಾರು ಅಂತ ಈಗ ಗೊತ್ತಾಯಿತು’ ಅನ್ನುತ್ತಾನೆ. ನಂಬಿಕೆ ಸಡಿಲವಾದ ಕಾಲದಲ್ಲಿ ಇದನ್ನು ನೋಡಿದವರಿಗೆ ಇದೊಂದು ಸಮಾಧಾನ ಕೊಟ್ಟಿರಬಹುದು. ಅನುಮಾನ, ಸಿಟ್ಟು ಬಂದ ಮಾತ್ರಕ್ಕೆ ಬಾಗಿಲು ಮುಚ್ಚಿಲ್ಲ ಅಂತ.

ಕಥೆ ನೋಡಿ ಮನಸ್ಸು ತಿರುಗುವುದು ಹೇಗೆ?

ಪರದೆ ಮೇಲಿನ ವ್ಯಕ್ತಿಯ ಜೊತೆ ನಮಗೆ ಒಂದು ಒಮ್ಮುಖದ ಸ್ನೇಹ ಬೆಳೆಯುತ್ತದೆ. ಅವನು ನಮಗೆ ಗೊತ್ತು, ನಾವು ಅವನಿಗೆ ಗೊತ್ತಿಲ್ಲ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಸಂಶೋಧಕರು ಟಿವಿ ಹೊಸದಾಗಿದ್ದ ಕಾಲದಲ್ಲೇ, 1956ರಲ್ಲಿ, ಇದರ ಬಗ್ಗೆ ಬರೆದಿದ್ದರು. ಎರಡು ಗಂಟೆಯ ಸಿನಿಮಾಕ್ಕಿಂತ 39 ಕಂತಿನ ಧಾರಾವಾಹಿಯಲ್ಲಿ ಈ ಸ್ನೇಹ ಗಟ್ಟಿ. ವಾರಗಟ್ಟಲೆ ಅವನ ಜೊತೆ ಊಟ, ನಿದ್ದೆ. ಅವನು ಸೋತರೆ ನಮ್ಮ ಮನೆಯವರೇ ಸೋತ ಹಾಗೆ.

ಇನ್ನೊಂದು ಕಾರಣ ದೂರ. ‘ನಿನಗೆ ಯಾಕೆ ಇಷ್ಟು ಸಿಟ್ಟು’ ಅಂತ ಮನೆಯಲ್ಲಿ ಕೇಳಿದರೆ ಜಗಳ ಆಗುತ್ತದೆ. ಅದೇ ಪ್ರಶ್ನೆಯನ್ನು ಪಾದ್ರಿ ಮ್ಯಾಟ್‌ಗೆ ಕೇಳಿದಾಗ ನಾವು ಕಿವಿ ಕೊಡುತ್ತೇವೆ, ಆಮೇಲೆ ನಿಧಾನವಾಗಿ ಅದು ನಮ್ಮ ಕಡೆ ತಿರುಗುತ್ತದೆ. ಜಾಲರಿ ಇರುವ ಆ ಪೆಟ್ಟಿಗೆ ಮಾಡುವ ಕೆಲಸವೂ ಹೀಗೇ. ಮುಖ ಕಾಣದಿರುವುದರಿಂದಲೇ ಬಾಯಿ ಬಿಚ್ಚುತ್ತದೆ.

ಕಥೆಯಿಂದ ಭಕ್ತಿ ಹುಟ್ಟುವುದು ನಮಗೇನೂ ಹೊಸದಲ್ಲ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿ ಬರುವಾಗ ಸ್ನಾನ ಮಾಡಿ, ಟಿವಿಗೆ ಹೂ ಹಾಕಿ, ಊದುಬತ್ತಿ ಹಚ್ಚಿ ಕೂತವರು ನಮ್ಮವರೇ. ಕರಾವಳಿಯಲ್ಲಿ ಹರಕೆ ಹೊತ್ತು ಯಕ್ಷಗಾನ ಆಡಿಸುತ್ತಾರೆ. ಕಟೀಲು ಮೇಳದ ಆಟಕ್ಕೆ ವರ್ಷಗಳ ಮುಂಚೆಯೇ ಹೆಸರು ಬರೆಸಿ ಕಾಯುತ್ತಾರೆ. ಅಲ್ಲಿ ಆಟವೇ ಸೇವೆ. ಅಮೆರಿಕದ ಧಾರಾವಾಹಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಯಕ್ಷಗಾನದ ದೇವಿಗೆ ಅನುಮಾನ ಇಲ್ಲ. ಮ್ಯಾಟ್‌ಗೆ ಇರುವುದೆಲ್ಲ ಅನುಮಾನವೇ.

ಹಾಗಾದರೆ ಇದು ಚರ್ಚಿನ ಪಾಠವಾ?

ಅಲ್ಲ. ದೊಡ್ಡವರಿಗಾಗಿ ಮಾಡಿದ, ರಕ್ತ ಜಾಸ್ತಿ ಇರುವ ಮನರಂಜನೆ ಇದು. ಮಕ್ಕಳ ಜೊತೆ ನೋಡುವಂಥದ್ದಲ್ಲ. ಸಿಕ್ಕವರ ಮೂಳೆ ಮುರಿಯುವುದನ್ನು ಯಾವ ಪಾದ್ರಿಯೂ ದೇವರ ಕರೆ ಅನ್ನುವುದಿಲ್ಲ, ಲ್ಯಾಂಟಮ್ ಕೂಡ ಅನ್ನಲಿಲ್ಲ. ನೋಡುವವರು ಎಡವುವುದೂ ಇಲ್ಲೇ. ‘ನನ್ನ ಸಿಟ್ಟು ಪವಿತ್ರ’ ಅಂತ ಅರ್ಥ ಮಾಡಿಕೊಂಡರೆ ಅದು ಫಿಸ್ಕ್‌ನ ಪಾಠ ಆಗುತ್ತದೆ, ಮ್ಯಾಟ್‌ನದಲ್ಲ.

ಕೊಲ್ಲಬೇಕಾ ಅನ್ನುವ ಪ್ರಶ್ನೆಗೆ ಉತ್ತರ ಬರುವುದು ಮೂರನೇ ಸೀಸನ್ನಿನ ಕೊನೆಯ ಕಂತಿನಲ್ಲಿ. ಫಿಸ್ಕ್ ಕೆಳಗೆ ಬಿದ್ದಿದ್ದಾನೆ, ಮುಖ ರಕ್ತಮಯ. ಇನ್ನೊಂದು ಏಟು ಸಾಕು. ಕೊಲ್ಲುವ ಆಸೆ ನನಗೆಷ್ಟಿದೆ ಅಂತ ದೇವರಿಗೆ ಗೊತ್ತು, ಆದರೆ ನಾನು ಯಾರು ಅನ್ನುವುದನ್ನು ನಾಶ ಮಾಡಲು ನಿನಗೆ ಬಿಡುವುದಿಲ್ಲ ಅಂತ ಮ್ಯಾಟ್ ಕಿರುಚುತ್ತಾನೆ. ಪಾದ್ರಿ ಕಾಫಿ ಕುಡಿಯುತ್ತಾ ಕೇಳಿದ್ದ ಪ್ರಶ್ನೆಗೆ ಸಿಕ್ಕ ಉತ್ತರ ಅದು: ಹೌದು, ಆಸೆಯೇ. ಅಷ್ಟೊತ್ತಿಗೆ ಪಾದ್ರಿ ಬದುಕಿಲ್ಲ, ಅವರದೇ ಚರ್ಚಿನಲ್ಲಿ ಕೊಲೆಯಾಗಿದ್ದಾರೆ.

2025ರಲ್ಲಿ ಹೊಸ ಧಾರಾವಾಹಿ ಶುರುವಾಗುವುದು ಈ ಗೆರೆ ದಾಟುವುದರಿಂದಲೇ. ಪಾದ್ರಿಯನ್ನು ಕೊಂದಿದ್ದವನು ಡೆಕ್ಸ್ ಎಂಬ ಕೊಲೆಗಾರ. ಅವನೇ ಈ ಸಲ ಮ್ಯಾಟ್‌ನ ಆಪ್ತ ಗೆಳೆಯ ಫಾಗಿಯನ್ನು ಕೊಲ್ಲುತ್ತಾನೆ. ಮ್ಯಾಟ್ ಅವನನ್ನು ಮಾಳಿಗೆಯಿಂದ ತಳ್ಳಿಬಿಡುತ್ತಾನೆ. ಡೆಕ್ಸ್ ಬದುಕುಳಿಯುತ್ತಾನೆ, ಅದು ಬೇರೆ ಮಾತು. ತಳ್ಳಿದ ಕೈ ಏನು ಬಯಸಿತ್ತು ಅನ್ನುವುದು ಮ್ಯಾಟ್‌ಗೆ ಗೊತ್ತು. ಮುಖವಾಡ ಬಿಚ್ಚಿಡುತ್ತಾನೆ.

ಬಟ್ಟೆಯ ಹಿಂಬದಿ

ಲ್ಯಾಂಟಮ್ ಹೇಳಿದ್ದ ಒಂದು ಹೋಲಿಕೆಯನ್ನು ಮ್ಯಾಟ್ ಕೊನೆಯಲ್ಲಿ ಸಿಸ್ಟರ್ ಮ್ಯಾಗಿಗೆ ಹೇಳುತ್ತಾನೆ. ಆಕೆ ಅವನ ಹೆತ್ತ ತಾಯಿ ಅನ್ನುವುದು ಆ ಹೊತ್ತಿಗೆ ಅವನಿಗೆ ಗೊತ್ತಾಗಿದೆ. ದೇವರ ಯೋಜನೆ ಗೋಡೆಗೆ ತೂಗುಹಾಕುವ ಚಿತ್ರದ ನೇಯ್ಗೆಯ ಹಾಗೆ. ಮನುಷ್ಯರ ದುರಂತ ಏನಂದರೆ ನಮಗೆ ಕಾಣುವುದು ಅದರ ಹಿಂಬದಿ ಮಾತ್ರ. ಜೋತು ಬಿದ್ದ ದಾರಗಳು, ಮಸುಕು ಬಣ್ಣ. ಮುಂಬದಿಯ ಚಿತ್ರ ಕಾಣುವುದು ದೇವರಿಗೆ.

ನನಗೆ ಇದನ್ನು ಕೇಳಿದಾಗ ಧಾರವಾಡದ ಕಸೂತಿ ನೆನಪಾಯಿತು. ಅದರಲ್ಲಿ ಗವಂತಿ, ಮುರ್ಗಿ ಅಂತ ಎರಡು ಹೊಲಿಗೆ ಇವೆ. ಗಂಟು ಹಾಕದೆ, ದಾರ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಹಾಗಾಗಿ ಸೀರೆಯ ಒಳಬದಿಯೂ ಹೊರಬದಿಯೂ ಒಂದೇ ಥರ ಕಾಣುತ್ತವೆ. ನೇಗಿ, ಮೆಂತಿ ಹೊಲಿಗೆಗಳಲ್ಲಿ ಹಾಗಾಗುವುದಿಲ್ಲ, ಹಿಂಬದಿ ಬೇರೆಯೇ. ಒಂದೇ ಸೆರಗಿನಲ್ಲಿ ಎರಡೂ ಇರಬಹುದು. ಲ್ಯಾಂಟಮ್ ಇದನ್ನು ನೋಡಿದ್ದರೆ ಏನು ಹೇಳುತ್ತಿದ್ದರೋ.

39 ಕಂತು ನೋಡಲು ಪುರುಸೊತ್ತಿಲ್ಲದವರು ಈ ಎಳೆಯೊಂದನ್ನೇ ಹಿಡಿದು ನೋಡಬಹುದು. ಮೊದಲ ಸೀಸನ್ನಿನ 1, 9 ಮತ್ತು 13ನೇ ಕಂತು, ಎರಡನೆಯದರಲ್ಲಿ 3 ಮತ್ತು 4, ಮೂರನೆಯದರಲ್ಲಿ 1 ಮತ್ತು 13. ಹೊಡೆದಾಟ ಇಷ್ಟವಿಲ್ಲದಿದ್ದರೆ ಓಡಿಸಿಕೊಂಡು ಹೋಗಿ. ಆದರೆ ಮೊದಲ ಸೀಸನ್ನಿನ ಎರಡನೇ ಕಂತಿನ ಕೊನೆಯ ಕೆಲವು ನಿಮಿಷ ಮಾತ್ರ ಓಡಿಸಬೇಡಿ. ಕಳ್ಳರು ಎತ್ತಿಕೊಂಡು ಹೋದ ಒಬ್ಬ ಹುಡುಗನನ್ನು ಬಿಡಿಸಲು ಮ್ಯಾಟ್ ಕಟ್ಟಡದೊಳಗಿನ ಒಂದು ಕಿರಿದಾದ ಕಾರಿಡಾರಿನಲ್ಲಿ ಹಲವು ಜನರ ಜೊತೆ ಸೆಣಸುತ್ತಾನೆ. ನಡುನಡುವೆ ಸುಸ್ತಾಗಿ ಗೋಡೆಗೆ ಒರಗಿ ಉಸಿರೆಳೆದುಕೊಳ್ಳುತ್ತಾನೆ. ಬಿದ್ದವರೂ ಎದ್ದು ಬರುತ್ತಾರೆ, ಅವನೂ ಮತ್ತೆ ಏಳುತ್ತಾನೆ. ಕೊನೆಗೆ ಮುಖವಾಡದವನು ಹುಡುಗನನ್ನು ಎತ್ತಿಕೊಂಡು, ಗೋಡೆಗೆ ತಾಗುತ್ತಾ ತಾಗುತ್ತಾ ಹೊರಗೆ ನಡೆಯುತ್ತಾನೆ.